ಶುಲ್ಕ ಕಟ್ಟಿದ ಮೇಲೆ ಕೇಬಲ್ ಪೆಟ್ಟಿಗೆ ಯಾರ ಸ್ವತ್ತು?

ಪ್ರಶ್ನೆ: ನಾವು ನ್ಯೂಯಾರ್ಕ್ ರಾಜ್ಯದಿಂದ ಕ್ಯಾಲಿಫೋರ್ನಿಯಾಕ್ಕೆ ಮನೆ ಬದಲಾಯಿಸಿದಾಗ ಕೇಬಲ್ ಸಂಪರ್ಕವನ್ನು ರದ್ದುಪಡಿಸಿದೆವು. ಆದರೆ ಬಾಡಿಗೆಗೆ ಪಡೆದಿದ್ದ ಸೆಟ್‌ಟಾಪ್ ಬಾಕ್ಸ್ ಮತ್ತು ಮೋಡೆಮ್ ಸಾಮಾನುಗಳ ನಡುವೆ ಸೇರಿಹೋಗಿ, ಹಿಂದಿರುಗಿಸಲಾಗಲಿಲ್ಲ. ಕಂಪನಿಯವರು ಕೊನೆಯ ಬಿಲ್ಲಿನಲ್ಲಿ ‘ಹಿಂದಿರುಗಿಸದ ಸಲಕರಣೆಯ ಶುಲ್ಕ’ ಎಂದು 260 ಡಾಲರ್ ಸೇರಿಸಿದರು, ನಾವು ಕಟ್ಟಿದೆವು. ಹದಿನಾಲ್ಕು ತಿಂಗಳ ನಂತರ ಈಗ ಎರಡೂ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಸಿಕ್ಕಿವೆ. ಅವು ಈಗ ನಮ್ಮವೇ? ಮಾರಬಹುದೇ? ಮೋಡೆಮನ್ನು ಹೊಸ ಕಂಪನಿಯ ಸಂಪರ್ಕಕ್ಕೆ ಬಳಸಬಹುದೇ? ನಮ್ಮವಲ್ಲ ಎಂದಾದರೆ ನಾವು ಹಣ ಕಟ್ಟಿದ್ದು ಯಾತಕ್ಕೆ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯೇ ಮೊದಲ ಪ್ರಶ್ನೆಗೂ ಕೀಲಿಕೈ. ಕಟ್ಟಿದ ಹಣ ಯಾತಕ್ಕೆ ಎಂಬುದು ತಿಳಿದರೆ ವಸ್ತು ಯಾರದ್ದು ಎಂಬುದೂ ಬಹುಮಟ್ಟಿಗೆ ತಿಳಿಯುತ್ತದೆ. ಸಂಕ್ಷಿಪ್ತವಾಗಿ ಹೇಳುವುದಾದರೆ, ನೀವು ಒಪ್ಪಿಕೊಂಡ ಸೇವಾ ಒಪ್ಪಂದದ ಪ್ರಕಾರ ಅವೆರಡೂ ಇನ್ನೂ ಕಂಪನಿಯ ಹೆಸರಿನಲ್ಲೇ ಇರುವ ಸಾಧ್ಯತೆ ಹೆಚ್ಚು. ಆದರೆ ಅವುಗಳ ಪೂರ್ಣ ಮೌಲ್ಯವನ್ನು ನಿಮ್ಮಿಂದ ಪಡೆದ ಕಂಪನಿಗೆ ಆ ಒಡೆತನದ ಬಲದಿಂದ ನಿಮ್ಮ ಮೇಲೆ ಚಲಾಯಿಸಲು ಉಳಿದಿರುವ ಹಕ್ಕು ಬಹಳ ಕಡಿಮೆ. ಆದ್ದರಿಂದ ಅವುಗಳನ್ನು ಇಟ್ಟುಕೊಂಡಿರುವುದರಲ್ಲಿ ನಿಮಗೆ ಹೆಚ್ಚಿನ ಅಪಾಯವಿಲ್ಲ. ಮಾರುವ ಮಾತು ಬೇರೆ.

ಅಮೆರಿಕದಲ್ಲಿ ಈ ಪ್ರಶ್ನೆಗೆ ನೇರವಾಗಿ ಉತ್ತರಿಸುವ ಒಕ್ಕೂಟ ಕಾನೂನು ಇಲ್ಲ. ಕೇಬಲ್ ಉದ್ಯಮವನ್ನು ನಿಯಂತ್ರಿಸುವ ಎಫ್‌ಸಿಸಿ, ಅಂದರೆ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್, ಸಲಕರಣೆಗಳ ಬಾಡಿಗೆಯ ಬಗ್ಗೆ ಆಗಾಗ ಗಮನ ಹರಿಸಿದೆಯಾದರೂ, ಶುಲ್ಕ ಕಟ್ಟಿದ ಮೇಲೆ ಒಡೆತನ ಬದಲಾಗುತ್ತದೆಯೇ ಎಂಬುದನ್ನು ಆಯಾ ಕಂಪನಿಯ ಒಪ್ಪಂದಕ್ಕೂ ಆಯಾ ರಾಜ್ಯದ ಕಾನೂನಿಗೂ ಬಿಟ್ಟಿದೆ. ನಿಮ್ಮ ಸಂಪರ್ಕ ನ್ಯೂಯಾರ್ಕಿನಲ್ಲಿ ಇದ್ದುದರಿಂದ, ಒಪ್ಪಂದ ಬೇರೇನನ್ನೂ ಹೇಳದಿದ್ದರೆ, ಸಾಮಾನ್ಯವಾಗಿ ಆ ರಾಜ್ಯದ ಕಾನೂನೇ ಅನ್ವಯಿಸುತ್ತದೆ. ನೀವು ಈಗ ಕ್ಯಾಲಿಫೋರ್ನಿಯಾದಲ್ಲಿ ಇರುವುದರಿಂದ ಅದು ಬದಲಾಗುವುದಿಲ್ಲ.

ಹೀಗೆ ಕಟ್ಟಿದ ಹಣ ಮೂರು ಬಗೆಯದ್ದಾಗಿರಬಹುದು: ಬೆಲೆ, ದಂಡ, ನಷ್ಟಭರ್ತಿ. ಬೆಲೆ ಕೊಟ್ಟರೆ ವಸ್ತು ನಮ್ಮದಾಗುತ್ತದೆ. ದಂಡ ತೆತ್ತರೆ ಏನೂ ನಮ್ಮದಾಗುವುದಿಲ್ಲ, ತಪ್ಪಿಗೆ ತೆತ್ತದ್ದು ತಪ್ಪಿನೊಂದಿಗೇ ಮುಗಿಯುತ್ತದೆ. ನಷ್ಟಭರ್ತಿ ಇವೆರಡರ ನಡುವೆ ನಿಂತಿದೆ: ವಸ್ತು ಇಲ್ಲದ್ದರಿಂದ ಒಡೆಯನಿಗೆ ಆದ ನಷ್ಟವನ್ನು ಅದು ತುಂಬಿಕೊಡುತ್ತದೆ, ಆದರೆ ವಸ್ತುವನ್ನು ಕೊಳ್ಳಲು ಯಾರೂ ಒಪ್ಪಿರುವುದಿಲ್ಲ, ಮಾರಲೂ ಒಪ್ಪಿರುವುದಿಲ್ಲ. ಸಾಲಕ್ಕೂ ಎರವಿಗೂ ನಮ್ಮ ಭಾಷೆ ಬೇರೆ ಬೇರೆ ಮಾತು ಇಟ್ಟುಕೊಂಡಿರುವುದನ್ನು ಇಲ್ಲಿ ನೆನೆಯಬಹುದು. ಸಾಲದ ಹಣವನ್ನು ಯಾವ ನೋಟಿನಲ್ಲಿ ತೀರಿಸಿದರೂ ನಡೆಯುತ್ತದೆ. ಎರವು ತಂದದ್ದನ್ನು ಮಾತ್ರ ಅದನ್ನೇ ಹಿಂದಿರುಗಿಸಬೇಕು. ಕೇಬಲ್ ಪೆಟ್ಟಿಗೆ ಬಾಡಿಗೆ ತೆತ್ತು ತಂದ ಎರವು. ಎರವಿನ ವಸ್ತುವಿನ ಬದಲಿಗೆ ಒಡೆಯ ಹಣ ಪಡೆದು ಸುಮ್ಮನಾದಾಗ ಆ ವಸ್ತುವಿನ ಗತಿಯೇನು ಎಂಬುದೇ ನಿಮ್ಮ ಪ್ರಶ್ನೆಯ ತಿರುಳು.

ಮೊದಲು ಒಪ್ಪಂದವನ್ನು ಹುಡುಕಿ ಓದಿ. ಇಂಥ ಒಪ್ಪಂದಗಳನ್ನು ಕಂಪನಿಗಳು ಆಗಾಗ ತಿದ್ದುತ್ತವೆ, ಆದ್ದರಿಂದ ಈಗ ಜಾಲತಾಣದಲ್ಲಿರುವ ಪ್ರತಿಗಿಂತ ನೀವು ಸಂಪರ್ಕ ಕಡಿದ ದಿನ ಜಾರಿಯಲ್ಲಿದ್ದ ಪ್ರತಿ ಮುಖ್ಯ. ‘ಸಲಕರಣೆ’ ಎಂಬ ಶೀರ್ಷಿಕೆಯ ಭಾಗದ ಜೊತೆಗೆ ‘ಸೇವೆಯ ಮುಕ್ತಾಯ’ ಎಂಬ ಭಾಗವನ್ನೂ ನೋಡಬೇಕು, ಏಕೆಂದರೆ ಶುಲ್ಕದ ಮಾತು ಬಹಳ ಸಲ ಅಲ್ಲಿ ಅಡಗಿರುತ್ತದೆ. ಸಲಕರಣೆ ಸದಾ ಕಂಪನಿಯದೇ, ಗ್ರಾಹಕರು ಅದನ್ನು ಮಾರುವಂತಿಲ್ಲ, ಒತ್ತೆ ಇಡುವಂತಿಲ್ಲ, ಇನ್ನೊಬ್ಬರಿಗೆ ಕೊಡುವಂತಿಲ್ಲ ಎಂಬ ವಾಕ್ಯ ಬಹುಪಾಲು ಒಪ್ಪಂದಗಳಲ್ಲಿ ಇರುತ್ತದೆ. ಅದರ ಮುಂದೆ ಏನಿದೆ ಎಂಬುದನ್ನು ಗಮನಿಸಿ. ಶುಲ್ಕ ಕಟ್ಟಿದ ಮಾತ್ರಕ್ಕೆ ಒಡೆತನ ವರ್ಗವಾಗುವುದಿಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದರೆ, ನೀವು ಸಹಿ ಹಾಕಿದ ಮಾತು ಅದೇ. ನ್ಯಾಯಾಲಯಗಳು ಅಂಥ ಮಾತನ್ನು ಸುಲಭವಾಗಿ ಬದಿಗೊತ್ತುವುದಿಲ್ಲ. ಶುಲ್ಕ ಕಟ್ಟಿದರೆ ವಸ್ತುವನ್ನು ಖರೀದಿಸಿದಂತೆ ಎಂದು ಬರೆದಿದ್ದರೆ ನಿಮ್ಮ ಪ್ರಶ್ನೆ ಅಲ್ಲಿಗೇ ಮುಗಿಯಿತು, ನೀವೇ ಒಡೆಯರು. ಆದರೆ ಎಷ್ಟೋ ಒಪ್ಪಂದಗಳು ಶುಲ್ಕ ವಿಧಿಸುವ ಹಕ್ಕನ್ನು ವಿವರವಾಗಿ ಹೇಳಿ, ಕಟ್ಟಿದ ನಂತರದ ಸ್ಥಿತಿಯ ಬಗ್ಗೆ ಮೌನವಾಗುತ್ತವೆ. ಈ ಮೌನದಲ್ಲೇ ವಾದಕ್ಕೆ ಎಡೆ ಇರುವುದು.

ಒಪ್ಪಂದ ಮೌನವಾಗಿರುವಲ್ಲಿ ರಾಜ್ಯಗಳ ವಾಣಿಜ್ಯ ಕಾನೂನು ಮಾತಾಡುತ್ತದೆ. ಯೂನಿಫಾರ್ಮ್ ಕಮರ್ಷಿಯಲ್ ಕೋಡ್ ಎಂಬ ಏಕರೂಪ ಸಂಹಿತೆಯನ್ನು ರಾಜ್ಯಗಳು ತಮ್ಮ ತಮ್ಮ ಶಾಸನವಾಗಿ ಅಂಗೀಕರಿಸಿಕೊಂಡಿವೆ. ಅದರ ಎರಡನೆಯ ಅಧ್ಯಾಯ ಮಾರಾಟಕ್ಕೆ ಸಂಬಂಧಿಸಿದ್ದು, 1987ರಲ್ಲಿ ರೂಪಿಸಲಾದ 2ಎ ಅಧ್ಯಾಯ ಸರಕುಗಳ ಬಾಡಿಗೆಗೆ ಸಂಬಂಧಿಸಿದ್ದು. ಇವೆರಡನ್ನೂ ಅಂಗೀಕರಿಸದೆ ತನ್ನದೇ ನಾಗರಿಕ ಸಂಹಿತೆಯನ್ನು ನೆಚ್ಚಿಕೊಂಡಿರುವ ಲೂಸಿಯಾನ ಮಾತ್ರ ಇದಕ್ಕೆ ಹೊರಗು. ಈ ಸಂಹಿತೆಯ 2-106ನೆಯ ವಿಧಿಯ ಪ್ರಕಾರ ಮಾರಾಟವೆಂದರೆ ಬೆಲೆಗಾಗಿ ಒಡೆತನವು ಮಾರುವವನಿಂದ ಕೊಳ್ಳುವವನಿಗೆ ದಾಟುವುದು. ಬಾಡಿಗೆಯೆಂದರೆ ಪ್ರತಿಫಲಕ್ಕಾಗಿ ಒಂದು ಅವಧಿಯವರೆಗೆ ಸ್ವಾಧೀನ ಮತ್ತು ಬಳಕೆಯ ಹಕ್ಕನ್ನಷ್ಟೇ ಕೊಡುವುದು. ನಿಮ್ಮ ವ್ಯವಹಾರ ಬಾಡಿಗೆಯಾಗಿ ಆರಂಭವಾಯಿತು. ಅದು ಮಾರಾಟವಾಗಿ ಮಾರ್ಪಡಬೇಕಾದರೆ ಇಬ್ಬರೂ ಅದಕ್ಕೆ ಒಪ್ಪಿದ ಕುರುಹು ಎಲ್ಲಾದರೂ ಸಿಗಬೇಕು. ಬಿಲ್ಲಿನಲ್ಲಿ ಬಂದ ಒಂದು ಸಾಲು, ಅದನ್ನು ನೀವು ಕಟ್ಟಿದ ಒಂದು ರಸೀತಿ, ಇವಿಷ್ಟೇ ಆ ಕುರುಹು ಆಗಲಾರವು ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಆ ಹಣವೇನು? 2ಎ-504ನೆಯ ವಿಧಿ ಇದಕ್ಕೆ ಉತ್ತರ ಕೊಡುತ್ತದೆ. ಬಾಡಿಗೆದಾರನ ತಪ್ಪಿನಿಂದ ಆಗಬಹುದಾದ ನಷ್ಟಕ್ಕೆ ಮೊದಲೇ ಒಂದು ಮೊತ್ತವನ್ನು ಗೊತ್ತುಪಡಿಸಿಕೊಳ್ಳಲು ಆ ವಿಧಿ ಅವಕಾಶ ಕೊಡುತ್ತದೆ, ಆದರೆ ಒಪ್ಪಂದದ ಹೊತ್ತಿಗೆ ನಿರೀಕ್ಷಿಸಿದ್ದ ಹಾನಿಗೆ ಹೋಲಿಸಿದರೆ ಆ ಮೊತ್ತ ಸಮಂಜಸವಾಗಿರಬೇಕು. ಹಿಂದಿರುಗಿಸದ ಸಲಕರಣೆಯ ಶುಲ್ಕ ಈ ವರ್ಗಕ್ಕೆ ಸೇರುತ್ತದೆ. ಅದು ಮುಂಚಿತವಾಗಿ ನಿಗದಿಯಾದ ನಷ್ಟಭರ್ತಿ. ಹಲವು ವರ್ಷ ಬಳಸಿ ಸವೆದ ಪೆಟ್ಟಿಗೆಗೆ ಹೊಸದರ ಬೆಲೆಯನ್ನೂ ಮೀರಿ ವಸೂಲು ಮಾಡಿದ್ದರೆ ಅದು ನಷ್ಟಭರ್ತಿಯಲ್ಲ, ದಂಡ, ಆದ್ದರಿಂದ ಜಾರಿಯಾಗದು ಎಂದು ವಾದಿಸಲು ದಾರಿ ಇದೆ. ನೀವು ಈಗಾಗಲೇ ಹಣ ಕಟ್ಟಿ ಒಂದು ವರ್ಷ ಮೀರಿರುವುದರಿಂದ ಆ ವಾದ ಹೂಡುವುದಕ್ಕೆ ತಗಲುವ ಶ್ರಮ ಅದರಿಂದ ಬರುವ ಹಣಕ್ಕಿಂತ ಹೆಚ್ಚಾದೀತು.

ಇಲ್ಲಿಯವರೆಗೆ ಹೇಳಿದ್ದು ಕಂಪನಿಯ ಪರ. ಇನ್ನು ನಿಮ್ಮ ಪರ ಇರುವ ವಾದ, ನಿಜಕ್ಕೂ ಹಳೆಯದು, ಮತ್ತು ನನ್ನ ದೃಷ್ಟಿಯಲ್ಲಿ ಬಲವಾದುದು. ಒಬ್ಬನ ವಸ್ತುವನ್ನು ಇನ್ನೊಬ್ಬ ತನ್ನದೆಂಬಂತೆ ಇಟ್ಟುಕೊಂಡರೆ ಆಂಗ್ಲೋ ಅಮೆರಿಕನ್ ಕಾನೂನು ಅದನ್ನು ಕನ್ವರ್ಷನ್ ಎಂದು ಕರೆಯುತ್ತದೆ. ಅಂಥ ದಾವೆಯಲ್ಲಿ ಒಡೆಯ ವಸ್ತುವಿನ ಪೂರ್ಣ ಮೌಲ್ಯವನ್ನು ಪರಿಹಾರವಾಗಿ ಕೇಳಬಹುದು. ತೀರ್ಪು ಬಂದು ಪ್ರತಿವಾದಿ ಆ ಮೌಲ್ಯವನ್ನು ಪೂರ್ತಿ ಪಾವತಿಸಿದರೆ ವಸ್ತುವಿನ ಒಡೆತನ ಅವನಿಗೆ ದಾಟುತ್ತದೆ, ಅದು ಬಲವಂತದ ಮಾರಾಟದಂತೆ ಎಂಬ ತತ್ತ್ವ ಶತಮಾನಗಳಿಂದ ನಡೆದುಬಂದಿದೆ. ತೀರ್ಪು ಬಂದರೆ ಸಾಲದು, ಹಣ ಸಂದಾಯವೂ ಆಗಿರಬೇಕು ಎಂಬ ಸೂಕ್ಷ್ಮ ಇಲ್ಲಿದೆ. ಹಲವರು ಸೇರಿ ಮಾಡಿದ ಅತಿಕ್ರಮದಲ್ಲಿ ಒಬ್ಬನ ವಿರುದ್ಧ ತೀರ್ಪು ಬಂದ ಮಾತ್ರಕ್ಕೆ ಉಳಿದವರ ವಿರುದ್ಧದ ಹಕ್ಕು ಅಳಿಯುವುದಿಲ್ಲ, ಪರಿಹಾರ ಪೂರ್ತಿ ಸಂದಾಯವಾಗಿರಬೇಕು ಎಂದು ಅಮೆರಿಕದ ಸುಪ್ರೀಂ ಕೋರ್ಟು 1865ರ ಲವ್‌ಜಾಯ್ ವಿರುದ್ಧ ಮರ್ರೆ ಪ್ರಕರಣದಲ್ಲಿ ಹೇಳಿತು. ಇದರ ಹಿಂದಿನ ತರ್ಕ ಸರಳ. ಒಡೆಯನಿಗೆ ವಸ್ತುವಾದರೂ ಸಿಗಬೇಕು, ಅದರ ಮೌಲ್ಯವಾದರೂ ಸಿಗಬೇಕು, ಎರಡೂ ಸಿಗಬಾರದು. ವಾಹನ ಪೂರ್ತಿ ಜಖಂ ಆದಾಗ ಪೂರ್ಣ ಮೊತ್ತ ಕೊಟ್ಟ ವಿಮಾ ಕಂಪನಿ ಜಖಂಗೊಂಡ ವಾಹನವನ್ನು ತಾನೇ ಒಯ್ಯುವುದರ ಹಿಂದೆಯೂ ಇದೇ ತರ್ಕವಿದೆ.

ನಿಮ್ಮ ವಿಷಯದಲ್ಲಿ ತೀರ್ಪು ಇಲ್ಲ, ದಾವೆಯೂ ಇಲ್ಲ. ಆದ್ದರಿಂದ ಈ ತತ್ತ್ವ ಅಕ್ಷರಶಃ ಅನ್ವಯಿಸುವುದಿಲ್ಲ, ಹೋಲಿಕೆಯಿಂದ ಮಾತ್ರ ಒದಗುತ್ತದೆ. ಆದರೂ ಕಂಪನಿ ನಾಳೆ ನಿಮ್ಮ ಬಾಗಿಲು ತಟ್ಟಿ ಪೆಟ್ಟಿಗೆ ಕೊಡಿ ಎಂದು ಕೇಳಿದರೆ, ಮೊದಲು ನನ್ನ 260 ಡಾಲರ್ ಹಿಂದಿರುಗಿಸಿ ಎಂದು ಹೇಳುವ ಹಕ್ಕು ನಿಮಗಿದೆ. ಯಾವ ನ್ಯಾಯಾಧೀಶರೂ ಕಂಪನಿಗೆ ಎರಡನ್ನೂ ಕೊಡಿಸುವರೆಂದು ನಾನು ಭಾವಿಸುವುದಿಲ್ಲ. ಒಡೆತನದ ಹೆಸರು ಕಂಪನಿಯ ಬಳಿ ಉಳಿದರೂ ಅದರ ತಿರುಳು ಬರಿದಾಗಿದೆ ಎಂದು ನಾನು ಮೊದಲಲ್ಲಿ ಹೇಳಿದ್ದು ಈ ಅರ್ಥದಲ್ಲಿ.

ನಿಮ್ಮ ಹಣ ಬೆಲೆಯೋ ನಷ್ಟಭರ್ತಿಯೋ ಎಂಬುದಕ್ಕೆ ಆ ಕೊನೆಯ ಬಿಲ್ಲೇ ಕೆಲವು ಸುಳಿವು ಕೊಡುತ್ತದೆ. ಶುಲ್ಕದ ಮೇಲೆ ರಾಜ್ಯದ ಮಾರಾಟ ತೆರಿಗೆಯನ್ನು ಹಾಕಿದ್ದರೆ ಕಂಪನಿ ಅದನ್ನು ಮಾರಾಟದಂತೆ ಕಂಡಿತೆಂದು ಹೇಳಲು ಆಧಾರ ಸಿಗುತ್ತದೆ. ಬಾಡಿಗೆಗೂ ತೆರಿಗೆ ಇರುವುದುಂಟಾದ್ದರಿಂದ ಅದೊಂದೇ ನಿರ್ಣಾಯಕವಲ್ಲ. ಇಂತಿಷ್ಟು ದಿನಗಳೊಳಗೆ ಸಲಕರಣೆ ಹಿಂದಿರುಗಿಸಿದರೆ ಶುಲ್ಕ ವಾಪಸು ಎಂಬ ಸಾಲು ಇದ್ದರೆ ಅದು ಮಾರಾಟಕ್ಕೆ ವಿರುದ್ಧವಾದ ಸುಳಿವು, ಏಕೆಂದರೆ ಮಾರಿದವನು ವಸ್ತು ಮರಳಿ ಬರಲೆಂದು ಕಾಯುತ್ತಾ ಕೂರುವುದಿಲ್ಲ. ಆದರೆ ಅದೇ ಸಾಲಿಗೆ ಇನ್ನೊಂದು ಮುಖವೂ ಇದೆ. ಆ ಗಡುವು ಮುಗಿದ ಮೇಲೆ ಕಂಪನಿ ವಸ್ತುವನ್ನು ಸ್ವೀಕರಿಸುವುದಿಲ್ಲ, ಹಣವನ್ನೂ ಕೊಡುವುದಿಲ್ಲ ಎಂದಾದರೆ, ಗಡುವಿನ ದಿನದಿಂದ ಅದು ವಸ್ತುವನ್ನು ಕೈಬಿಟ್ಟಿತು ಎಂಬ ವಾದಕ್ಕೆ ಆ ಸಾಲೇ ಸಾಕ್ಷಿಯಾಗುತ್ತದೆ. ಒಡೆಯ ಬೇಡವೆಂದು ತ್ಯಜಿಸಿದ ಚರ ವಸ್ತು ಅದನ್ನು ಇಟ್ಟುಕೊಂಡವನದಾಗುತ್ತದೆ. ಹಳೆಯ ಮಾದರಿಗಳ ವಿಷಯದಲ್ಲಿ, ಅದು ನಮಗೆ ಬೇಡ, ಮರುಬಳಕೆ ಕೇಂದ್ರಕ್ಕೆ ಕೊಟ್ಟುಬಿಡಿ ಎಂದು ಕಂಪನಿಯ ಪ್ರತಿನಿಧಿಗಳೇ ಹೇಳುವುದುಂಟು. ಫೋನಿನಲ್ಲಿ ಹೇಳಿದ ಇಂಥ ಮಾತು ಗಾಳಿಗೆ ಹೋಗುತ್ತದೆ, ಬರಹದಲ್ಲಿ ಪಡೆದರೆ ಅದೇ ನಿಮ್ಮ ಹಕ್ಕುಪತ್ರ.

ಇನ್ನೊಂದು ಸಂದರ್ಭವನ್ನು ನೀವು ಕೇಳಿಲ್ಲ, ಆದರೆ ಶುಲ್ಕ ಕಟ್ಟಿ ಅದೇ ಕಂಪನಿಯಲ್ಲೇ ಮುಂದುವರಿಯುವವರು ಗಮನಿಸಬೇಕಾದದ್ದು. ಕೆಲವೊಮ್ಮೆ ಕಳೆದುಹೋಯಿತೆಂದು ಶುಲ್ಕ ವಸೂಲಾದ ಮೋಡೆಮ್ ಮತ್ತೆ ಸಿಕ್ಕಿ, ಅದನ್ನೇ ಜೋಡಿಸಿಕೊಂಡು, ತಿಂಗಳು ತಿಂಗಳು ಬಾಡಿಗೆಯೂ ಬಿಲ್ಲಿನಲ್ಲಿ ಬರುತ್ತಿರುತ್ತದೆ. 2019ರ ಟೆಲಿವಿಷನ್ ವ್ಯೂವರ್ ಪ್ರೊಟೆಕ್ಷನ್ ಆಕ್ಟ್ ಎಂಬ ಒಕ್ಕೂಟ ಶಾಸನ, ಗ್ರಾಹಕರು ತಾವೇ ಒದಗಿಸಿಕೊಂಡ ಸಲಕರಣೆಯ ಬಳಕೆಗೆ ಕಂಪನಿ ಶುಲ್ಕ ವಿಧಿಸುವುದನ್ನು ನಿಷೇಧಿಸಿತು. ಹಿಂದಿರುಗಿಸಿದ ನಂತರದ ಅವಧಿಗೆ ಬಾಡಿಗೆ ಹಾಕುವುದನ್ನೂ ಅದು ತಡೆಯುತ್ತದೆ. ಎಫ್‌ಸಿಸಿ ಜಾರಿಯ ದಿನಾಂಕವನ್ನು ಮುಂದೂಡಿದ್ದರಿಂದ ಈ ನಿಯಮ 2020ರ ಡಿಸೆಂಬರ್ 20ರಿಂದ ಜಾರಿಗೆ ಬಂತು. ಪೂರ್ಣ ಮೌಲ್ಯ ಪಡೆದ ಪೆಟ್ಟಿಗೆಗೆ ಮತ್ತೆ ಬಾಡಿಗೆ ಕೇಳುವ ಕಂಪನಿಗೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ. ಪೆಟ್ಟಿಗೆ ಗ್ರಾಹಕರದ್ದಾದರೆ ಬಾಡಿಗೆ ನಿಷಿದ್ಧ. ಕಂಪನಿಯದೇ ಆದರೆ, ಸಿಕ್ಕಿರುವ ವಸ್ತುವಿಗೆ ಪಡೆದ ನಷ್ಟಭರ್ತಿಯನ್ನು ಹಿಂದಿರುಗಿಸಬೇಕು. ಇಂಥವರು ಎಫ್‌ಸಿಸಿಗೆ ದೂರು ಸಲ್ಲಿಸಿದರೆ ಕಂಪನಿ 30 ದಿನಗಳೊಳಗೆ ಬರಹದಲ್ಲಿ ಉತ್ತರಿಸಲೇಬೇಕು, ಮತ್ತು ದೂರು ಸಲ್ಲಿಸಲು ಖರ್ಚಿಲ್ಲ.

ಈಗ ಮಾರುವ ವಿಷಯ. ಬೇಡ ಎಂಬುದು ನನ್ನ ನೇರ ಸಲಹೆ. ತನ್ನಲ್ಲಿ ಇಲ್ಲದ ಒಡೆತನವನ್ನು ಯಾರೂ ಇನ್ನೊಬ್ಬರಿಗೆ ಕೊಡಲಾರರು. ಅದಕ್ಕಿಂತ ಮುಖ್ಯವಾಗಿ, ಏಕರೂಪ ಸಂಹಿತೆಯ 2-312ನೆಯ ವಿಧಿಯ ಪ್ರಕಾರ ಸರಕು ಮಾರುವ ಪ್ರತಿಯೊಬ್ಬನೂ, ಬಾಯಿಬಿಟ್ಟು ಹೇಳದಿದ್ದರೂ, ಅದರ ಒಡೆತನ ನಿರ್ಮಲವಾಗಿದೆ ಎಂಬ ಭರವಸೆಯನ್ನು ಕೊಟ್ಟಂತೆ. ಪ್ರತಿ ಮೋಡೆಮಿಗೂ ಮ್ಯಾಕ್ ವಿಳಾಸವೆಂಬ ವಿಶಿಷ್ಟ ಗುರುತು ಇರುತ್ತದೆ, ಬಾಕ್ಸಿಗೆ ಕ್ರಮಸಂಖ್ಯೆ ಇರುತ್ತದೆ, ಅವೆರಡೂ ಕಂಪನಿಯ ದಾಸ್ತಾನು ಪಟ್ಟಿಯಲ್ಲಿ ನಿಮ್ಮ ಹಳೆಯ ಖಾತೆಯೊಂದಿಗೆ ತಳಕು ಹಾಕಿಕೊಂಡೇ ಇರುತ್ತವೆ. ಕೊಂಡವರು ಅದನ್ನು ಚಾಲನೆಗೊಳಿಸಲು ಕಂಪನಿಗೆ ಫೋನು ಮಾಡಿದ ದಿನ, ಇದು ಬಾಡಿಗೆಯ ಸಲಕರಣೆ, ಹಿಂದಿರುಗಿ ಬಂದಿಲ್ಲ ಎಂಬ ಉತ್ತರ ಬರುತ್ತದೆ. ಶುಲ್ಕ ಸಂದಾಯವಾಗಿದೆ ಎಂಬುದು ಲೆಕ್ಕಪತ್ರ ವಿಭಾಗಕ್ಕೆ ಗೊತ್ತಿರುತ್ತದೆ, ದಾಸ್ತಾನು ವಿಭಾಗಕ್ಕೆ ಗೊತ್ತಿರುವುದಿಲ್ಲ. ದೊಡ್ಡ ಸಂಸ್ಥೆಗಳಲ್ಲಿ ಎಡಗೈಗೂ ಬಲಗೈಗೂ ಇರುವ ದೂರ ಇಂಥದು. ಆಗ ಕೊಂಡವರು ಹಣ ವಾಪಸು ಕೇಳುವುದು ನಿಮ್ಮನ್ನೇ.

ಬಾಕ್ಸನ್ನು ಬಳಸುವುದಂತೂ ಸಾಧ್ಯವಿಲ್ಲದ ಮಾತು. ಕೇಬಲ್ ಬಾಕ್ಸ್ ತಾನಾಗಿ ಯಾವ ವಾಹಿನಿಯನ್ನೂ ತೋರಿಸುವುದಿಲ್ಲ. ಗೂಢಲಿಪೀಕರಿಸಿದ ಸಂಕೇತವನ್ನು ಬಿಡಿಸಲು ಕಂಪನಿಯ ಕೇಂದ್ರದಿಂದ ಅದಕ್ಕೆ ಅನುಮತಿ ಬರಬೇಕು. ಅನುಮತಿಯಿಲ್ಲದೆ ಸಂಕೇತ ಪಡೆಯಲು ಅದನ್ನು ತಿದ್ದಿದರೆ ಮಾತ್ರ ನೀವು ಸಿವಿಲ್ ವ್ಯಾಜ್ಯದ ಎಲ್ಲೆ ದಾಟಿದಂತೆ. ಒಕ್ಕೂಟ ಕಾನೂನಿನ 47ನೆಯ ಶೀರ್ಷಿಕೆಯ 553ನೆಯ ವಿಧಿಯ ಪ್ರಕಾರ ಉದ್ದೇಶಪೂರ್ವಕವಾಗಿ ಕೇಬಲ್ ಸೇವೆಯನ್ನು ಅನಧಿಕೃತವಾಗಿ ಪಡೆದರೆ 1,000 ಡಾಲರ್‌ವರೆಗೆ ದಂಡ ಅಥವಾ 6 ತಿಂಗಳವರೆಗೆ ಸೆರೆ ಅಥವಾ ಎರಡೂ. ವಾಣಿಜ್ಯ ಲಾಭಕ್ಕಾಗಿ ಮಾಡಿದರೆ ಮೊದಲ ಅಪರಾಧಕ್ಕೇ 50,000 ಡಾಲರ್ ಮತ್ತು 2 ವರ್ಷಗಳವರೆಗೆ ಹೋಗಬಹುದು. ಪೆಟ್ಟಿಗೆ ಯಾರದು ಎಂಬುದಕ್ಕೂ ಈ ಅಪರಾಧಕ್ಕೂ ಸಂಬಂಧವಿಲ್ಲ; ಸ್ವಂತದ ಬಾಕ್ಸಿನಲ್ಲಿ ಮಾಡಿದರೂ ಅದು ಅಪರಾಧವೇ. ಸುಮ್ಮನೆ ಅಟ್ಟದ ಮೇಲಿಟ್ಟುಕೊಂಡ ಬಾಕ್ಸು ಅಪರಾಧವಲ್ಲ.

ಮೋಡೆಮ್ ಸ್ವಲ್ಪ ಬೇರೆ. ಕೇಬಲ್ ಮೋಡೆಮುಗಳು ಡಾಕ್ಸಿಸ್ ಎಂಬ ಸಾಮಾನ್ಯ ಮಾನದಂಡವನ್ನು ಅನುಸರಿಸುವುದರಿಂದ ತಾಂತ್ರಿಕವಾಗಿ ಒಂದು ಕಂಪನಿಯ ಮೋಡೆಮ್ ಇನ್ನೊಂದರ ಜಾಲದಲ್ಲಿ ನಡೆಯಬಹುದು. ಆದರೆ ಪ್ರತಿ ಕಂಪನಿಯೂ ತಾನು ಸ್ವೀಕರಿಸುವ ಮಾದರಿಗಳ ಪಟ್ಟಿಯನ್ನು ಇಟ್ಟುಕೊಂಡಿರುತ್ತದೆ. ಇನ್ನೊಂದು ಕಂಪನಿ ಬಾಡಿಗೆಗೆಂದೇ ಮಾಡಿಸಿಕೊಂಡ ಮಾದರಿಗಳು ಆ ಪಟ್ಟಿಯಲ್ಲಿ ಇರುವುದು ಅಪರೂಪ. ಅದರೊಳಗಿನ ಫರ್ಮ್‌ವೇರ್, ಅಂದರೆ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ, ಕೂಡ ಹಳೆಯ ಕಂಪನಿಗಾಗಿ ಸಿದ್ಧವಾದದ್ದು. ಜೊತೆಗೆ, ಯಂತ್ರ ನಿಮ್ಮದಾದರೂ ಅದರೊಳಗಿನ ತಂತ್ರಾಂಶ ನಿಮ್ಮದಾಗುವುದಿಲ್ಲ. ಪರವಾನಗಿಯ ಷರತ್ತುಗಳು ಬಿಗಿಯಾಗಿದ್ದರೆ ತಂತ್ರಾಂಶದ ಪ್ರತಿ ಪಡೆದವನು ಅದರ ಒಡೆಯನಲ್ಲ, ಪರವಾನಗಿದಾರ ಮಾತ್ರ ಎಂದು ಒಂಬತ್ತನೆಯ ಸರ್ಕಿಟ್ ಎಂಬ ಒಕ್ಕೂಟ ಮೇಲ್ಮನವಿ ನ್ಯಾಯಾಲಯ 2010ರಲ್ಲಿ ವರ್ನರ್ ವಿರುದ್ಧ ಆಟೋಡೆಸ್ಕ್ ಪ್ರಕರಣದಲ್ಲಿ ಹೇಳಿದೆ. ಕ್ಯಾಲಿಫೋರ್ನಿಯಾ ಅದೇ ಸರ್ಕಿಟ್ಟಿನ ವ್ಯಾಪ್ತಿಗೆ ಸೇರುತ್ತದೆ.

ಆದ್ದರಿಂದ ನೀವು ಮಾಡಬೇಕಾದದ್ದು ಒಂದು ಪತ್ರ. ಖಾತೆಯ ಸಂಖ್ಯೆ, ಎರಡೂ ಸಲಕರಣೆಗಳ ಕ್ರಮಸಂಖ್ಯೆ, ಶುಲ್ಕ ಕಟ್ಟಿದ ದಿನಾಂಕ ಮತ್ತು ಮೊತ್ತವನ್ನು ನಮೂದಿಸಿ, ಸಲಕರಣೆ ಈಗ ಸಿಕ್ಕಿದೆ ಎಂದು ತಿಳಿಸಿ, ಮೂರರಲ್ಲಿ ಒಂದನ್ನು ಆರಿಸಿಕೊಳ್ಳುವಂತೆ ಕೇಳಿ: ಕಂಪನಿಯ ಖರ್ಚಿನಲ್ಲಿ ಅವುಗಳನ್ನು ಪಡೆದು ಶುಲ್ಕವನ್ನು ಹಿಂದಿರುಗಿಸಬಹುದು, ಅಥವಾ ಒಡೆತನ ನಿಮ್ಮದೆಂದು ಬರೆದುಕೊಡಬಹುದು, ಅಥವಾ ತನಗೆ ಬೇಡವೆಂದೂ ವಿಲೇವಾರಿ ಮಾಡಬಹುದೆಂದೂ ಬರೆದುಕೊಡಬಹುದು. ಗಡುವು ಮೀರಿರುವುದರಿಂದ ಹಣ ಮರಳುವ ಸಾಧ್ಯತೆ ಕಡಿಮೆ, ಕೇಳುವುದರಲ್ಲಿ ತಪ್ಪಿಲ್ಲ. ಹಣ ಮರಳುವ ಮಾತು ಬರಹದಲ್ಲಿ ಬರುವ ಮೊದಲು ಸಲಕರಣೆಯನ್ನು ಕಳುಹಿಸಬೇಡಿ; ಕಳುಹಿಸಿದಿರೋ, ನಿಮ್ಮ ಕೈಯಲ್ಲಿರುವ ಏಕೈಕ ಹಿಡಿತವೂ ಹೋಯಿತು. ಶುಲ್ಕ ಕಟ್ಟಿದ ರಸೀತಿಯನ್ನು ಮಾತ್ರ ಸಲಕರಣೆಗಿಂತ ಜೋಪಾನವಾಗಿ ಇಟ್ಟುಕೊಳ್ಳಿ. ಬಾಕಿ ಇದೆಯೆಂದು ಯಾವುದೋ ವಸೂಲಿ ಸಂಸ್ಥೆ ಎಂದಾದರೂ ನಿಮಗೆ ಪತ್ರ ಬರೆದರೆ, 1977ರ ಫೇರ್ ಡೆಟ್ ಕಲೆಕ್ಷನ್ ಪ್ರಾಕ್ಟೀಸಸ್ ಆಕ್ಟ್ ಪ್ರಕಾರ 30 ದಿನಗಳೊಳಗೆ ಬರಹದಲ್ಲಿ ತಕರಾರು ಸಲ್ಲಿಸುವ ಹಕ್ಕು ನಿಮಗಿದ್ದು, ಆ ರಸೀತಿಯ ಪ್ರತಿಯೇ ಅದಕ್ಕೆ ಸಾಕಷ್ಟು ಉತ್ತರವಾಗುತ್ತದೆ.

ಪತ್ರಕ್ಕೆ ಉತ್ತರವೇ ಬಾರದಿದ್ದರೆ ಅದರ ಪ್ರತಿಯನ್ನು ರಸೀತಿಯ ಜೊತೆ ಇಟ್ಟುಬಿಡಿ. ಕನ್ವರ್ಷನ್ ದಾವೆಗೆ ನ್ಯೂಯಾರ್ಕಿನಲ್ಲೂ ಕ್ಯಾಲಿಫೋರ್ನಿಯಾದಲ್ಲೂ ಕಾಲಮಿತಿ 3 ವರ್ಷ. ಆದರೆ ನಿಮ್ಮಂತೆ ನ್ಯಾಯವಾಗಿ ವಸ್ತುವನ್ನು ಪಡೆದವರ ವಿಷಯದಲ್ಲಿ ನ್ಯೂಯಾರ್ಕಿನ ಗಣನೆ ಸಾಮಾನ್ಯವಾಗಿ ಒಡೆಯ ಕೇಳಿ ನೀವು ನಿರಾಕರಿಸಿದ ದಿನದಿಂದ ಆರಂಭವಾಗುತ್ತದೆ, ಕೇಳದೇ ಇದ್ದರೆ ಆರಂಭವಾಗುವುದಿಲ್ಲ. ಹಾಗಾಗಿ ಕಾಲ ಕಳೆದಷ್ಟಕ್ಕೇ ಒಡೆತನ ನಿಮ್ಮದಾಯಿತೆಂದು ಭಾವಿಸದೆ, ಕಂಪನಿಯ ಉತ್ತರಕ್ಕಾಗಿ ಇನ್ನೊಮ್ಮೆ ಬರೆಯುವುದು ಮೇಲು. ಅಲ್ಲಿಯವರೆಗೆ ಪೆಟ್ಟಿಗೆ ಅಟ್ಟದ ಮೇಲಿರಲಿ. ಮೋಡೆಮಿನಲ್ಲಿ ದೂರವಾಣಿ ಸೇವೆಗಾಗಿ ಬ್ಯಾಟರಿ ಇಟ್ಟಿದ್ದರೆ ಅದನ್ನು ಈಗಲೇ ಹೊರತೆಗೆದು ಬೇರೆಯಾಗಿಡಿ.